ನೋಡಲು ಬಂದಿದ್ದು ವಿಧಾನಸೌಧ, ಕಂಡಿದ್ದು ಪರದೆ

ಮಾನ್ಯರೇ,

ವಿಧಾನಸೌಧದ ಮುಂದಿನ ಅಂಬೇಡ್ಕರ್ ವೀಧಿಯಲ್ಲಿ ಶನಿವಾರ ನಡೆದ ಸಮಾರಂಭದ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಗಣ್ಯರ ಹೆಸರು, ಹಾರ ತುರಾಯಿ, ಭಾಷಣ ಎಲ್ಲವೂ ಇವೆ. ಬ್ಯಾರಿಕೇಡಿನ ಆಚೆ ಬಿಸಿಲಿನಲ್ಲಿ ನಿಂತಿದ್ದ ಜನರ ಬಗ್ಗೆ ಒಂದು ಸಾಲೂ ಇಲ್ಲ. ಅವರಲ್ಲಿ ನಾನೂ ಇದ್ದೆ.

ಗದಗಿನಿಂದ ಅಕ್ಕ, ಭಾವ ಮತ್ತು ಅವರ ಮೊಮ್ಮಗಳು ಬಂದಿದ್ದರು. ಅಕ್ಕನಿಗೆ 74 ವರ್ಷ, ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ವಿಜಯನಗರದಲ್ಲಿ ಮೆಟ್ರೊ ಹತ್ತಿ, ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ರಸ್ತೆಯೇ ಬಂದ್. ಈ ಕಡೆ ಹೋಗಿ ಎಂದು ಒಬ್ಬರು, ಆ ಕಡೆ ಹೋಗಿ ಎಂದು ಇನ್ನೊಬ್ಬರು. ಆಟೊದವರು ಹತ್ತಿರ ಬರಲೂ ಒಪ್ಪಲಿಲ್ಲ. ಸುತ್ತಿ ಬಳಸಿ ಕಬ್ಬನ್ ಉದ್ಯಾನ ಹೊಕ್ಕು, ಕೇಂದ್ರ ಗ್ರಂಥಾಲಯದ ಬಳಿ ಅಕ್ಕನನ್ನು ಒಂದು ಕಲ್ಲುಬೆಂಚಿನ ಮೇಲೆ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಆಕೆಯ ಕಾಲು ಇನ್ನೂ ಊದಿಕೊಂಡಿದೆ.

ಮಗು ಐದನೇ ತರಗತಿ. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ, ವಿಧಾನಸೌಧದ ಮೇಲಿನ ಕಲ್ಲಿನ ಅಕ್ಷರಗಳನ್ನು ಕಣ್ಣಾರೆ ನೋಡಬೇಕೆಂದು ಊರಿನಿಂದಲೇ ಹಟ ಹಿಡಿದು ಬಂದಿತ್ತು. ನಾವು ನಿಂತ ಜಾಗದಿಂದ ಆ ಸಾಲು ಕಾಣಲೇ ಇಲ್ಲ. ವೇದಿಕೆಯ ಹಿಂದೆ ಕಟ್ಟಿದ್ದ ಪರದೆ ಅದನ್ನು ಮುಚ್ಚಿತ್ತು. ಮಗುವಿಗೆ ಏನೆಂದು ಸಮಾಧಾನ ಹೇಳಲಿ?

1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟ ಕಟ್ಟಡ ಇದು. ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನೇ ಬದಲಿಸಿ, ಖರ್ಚಿನ ಬಗ್ಗೆ ಬಂದ ಟೀಕೆಗಳನ್ನೆಲ್ಲ ಸಹಿಸಿ ಕಟ್ಟಿಸಿದರು. ಜೈಲಿನ ಕೈದಿಗಳು ಬೆವರು ಸುರಿಸಿದ್ದಾರೆ. 1956ರಲ್ಲಿ ಕೆಲಸ ಮುಗಿದಾಗ ಪೂರ್ವದ ಆ ಮಹಾ ಮೆಟ್ಟಿಲುಗಳು ರಸ್ತೆಗೆ, ಎಂದರೆ ಜನರಿಗೆ, ಮುಖ ಮಾಡಿ ನಿಂತವು. ಇಂದು ಆ ಮುಖಕ್ಕೇ ಬಟ್ಟೆ ಕಟ್ಟುತ್ತಾರೆ!

ಎದುರಿನ ಕೆಂಪು ಕಟ್ಟಡವನ್ನಾದರೂ ತೋರಿಸೋಣವೆಂದು ಉದ್ಯಾನದ ಕಡೆಯಿಂದ ಹೋದೆವು. ಈಗ ಹೈಕೋರ್ಟ್ ಇರುವ ಅದನ್ನು ಅಠಾರ ಕಚೇರಿ ಎಂದು ಏಕೆ ಕರೆಯುತ್ತಾರೆ ಎಂದು ಮಗು ಕೇಳಿತು. ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದ ಹದಿನೆಂಟು ಇಲಾಖೆಗಳು 1868ರಲ್ಲಿ ಇಲ್ಲಿಗೆ ಬಂದವು, ಹಿಂದೂಸ್ತಾನಿಯಲ್ಲಿ ಹದಿನೆಂಟಕ್ಕೆ ಅಠಾರಾ ಎನ್ನುತ್ತಾರೆ ಎಂದು ನಾನೇ ವಿವರಿಸಿದೆ. ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು, ಹೇಳಿದೆ. ಹೇಳುವವರು ಜೊತೆಗಿಲ್ಲದ ಮಕ್ಕಳ ಗತಿ ಏನು? ನಾವು ನಡೆದ ದಾರಿಯಲ್ಲಿ ಇದನ್ನು ತಿಳಿಸುವ ಒಂದು ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ. 1980ರ ದಶಕದಲ್ಲಿ ಇದೇ ಕಟ್ಟಡವನ್ನು ಕೆಡವಲು ಹೊರಟಿದ್ದರು. ಊರಿನ ಜನ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಿಂದ ಉಳಿಯಿತು. ಉಳಿಸಿಕೊಂಡ ಜನರನ್ನೇ ಈಗ ದೂರ ನಿಲ್ಲಿಸುತ್ತಾರೆ.

ಅಧಿಕಾರಿಗಳ ಈ ಸ್ವಭಾವ ನನಗೆ ಹೊಸದಲ್ಲ. ನನ್ನ ಪಿಂಚಣಿ ಕಡತಕ್ಕಾಗಿ ಒಂದು ಕಚೇರಿಗೆ ಹದಿನಾಲ್ಕು ತಿಂಗಳು ಅಲೆದಿದ್ದೇನೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ ಎಂಬುದೇ ಉತ್ತರ. ಕೊನೆಗೆ ಕಡತ ಸಿಕ್ಕಿದ್ದು ಅದೇ ಕೋಣೆಯ ಅದೇ ಬೀರುವಿನಲ್ಲಿ. ಅಂದು ಬಾಗಿಲ ಹೊರಗೆ ನಿಲ್ಲಿಸಿದರು, ಇಂದು ರಸ್ತೆಯಲ್ಲಿ ನಿಲ್ಲಿಸಿದರು. ನಮ್ಮ ಬಡಾವಣೆಯ ಚರಂಡಿಯ ವಿಷಯ ಎತ್ತಿದರೆ ಈ ಪತ್ರ ಮುಗಿಯುವುದಿಲ್ಲ.

ಸಮಾರಂಭ ಬೇಡವೆಂದು ನಾನು ಹೇಳುತ್ತಿಲ್ಲ. ರಸ್ತೆ ಮುಚ್ಚುವುದಾದರೆ ಹಿಂದಿನ ದಿನವೇ ತಿಳಿಸಲಿ. ಇಲ್ಲ, ರಸ್ತೆಯನ್ನು ಮುಚ್ಚಲೇಬಾರದು, ನಗರದಲ್ಲಿ ಮೈದಾನಗಳಿಲ್ಲವೇ? ಫಲಕ ಹಾಕಿಸಲಿ, ಮುದುಕರಿಗೆ ಕೂರಲು ನೆರಳು ಮಾಡಲಿ. ಸಂಬಂಧಪಟ್ಟವರು ಯಾರೋ ಅವರು ಕೂಡಲೇ ಏನಾದರೂ ಮಾಡಬೇಕು. ವೇದಿಕೆಗೆ ಪರದೆ ಕಟ್ಟಿಸಿದವರು ಅದರ ಹಿಂದಿದ್ದ ಸಾಲನ್ನು ಒಮ್ಮೆಯಾದರೂ ತಲೆಯೆತ್ತಿ ಓದಿದ್ದರೇ? ನಾಚಿಕೆಯಾಗಬೇಕು ಅವರಿಗೆ.

– ನಿವೃತ್ತ ಶಿಕ್ಷಕ, ವಿಜಯನಗರ, ಬೆಂಗಳೂರು