ಅಣಬೆಯ ಬುಡವನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ವಸಂತದಲ್ಲಿ ಕಾಡಿನ ನಡಿಗೆ, ಕಾಡುಹೂ, ಕಾಡಣಬೆಗಳ ಕುರಿತು ಪತ್ರಿಕೆಗಳಲ್ಲಿ ಬರುವ ಲೇಖನಗಳು ಸ್ವಾಗತಾರ್ಹ. ಆದರೆ ಜೊತೆಗೆ ಅಚ್ಚಾಗುವ ಚಿತ್ರಗಳಲ್ಲಿ ಸಾಮಾನ್ಯವಾಗಿ ಅಣಬೆಯ ಕೊಡೆಯಷ್ಟೇ ಕಾಣುತ್ತದೆ. ಅದನ್ನು ನಂಬಿ ಅಣಬೆ ಕೀಳುವುದು ಪ್ರಾಣಾಪಾಯ.

ಅತಿ ಹೆಚ್ಚು ಸಾವುಗಳಿಗೆ ಕಾರಣವಾಗಿರುವ ‘ಡೆತ್ ಕ್ಯಾಪ್’ ಅಣಬೆಯ ಮುಖ್ಯ ಗುರುತು ದಂಟಿನ ಬುಡದಲ್ಲಿರುವ ಬಿಳಿ ಚೀಲ. ಅದು ಮಣ್ಣು, ತರಗೆಲೆಗಳಡಿ ಹುದುಗಿರುತ್ತದೆ. ದಂಟನ್ನು ಚಾಕುವಿನಿಂದ ಕೊಯ್ದರೆ ಆ ಗುರುತು ನೆಲದಲ್ಲೇ ಉಳಿದುಬಿಡುತ್ತದೆ. ಪರಿಚಯವಿಲ್ಲದ ಅಣಬೆಯನ್ನು ಸುತ್ತಲ ಮಣ್ಣು ಸಡಿಲಿಸಿ ಬುಡಸಮೇತ ಎತ್ತಬೇಕು. ಒಂದೊಂದು ಜಾತಿಯನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿಡಬೇಕು. ಪ್ಲಾಸ್ಟಿಕ್‌ನಲ್ಲಿ ಬೆವರಿ ಬೇಗ ಕೊಳೆಯುತ್ತವೆ.

ಮನೆಯಲ್ಲಿ ದಂಟು ತೆಗೆದು, ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಅದರ ಅಡಿಯ ಪದರಗಳು ಕೆಳಗಾಗುವಂತೆ ಇಟ್ಟು ಬಟ್ಟಲು ಮುಚ್ಚಿದರೆ ರಾತ್ರಿ ಕಳೆಯುವಷ್ಟರಲ್ಲಿ ಬೀಜಕಣಗಳ ಅಚ್ಚು ಮೂಡುತ್ತದೆ. ಅದರ ಬಣ್ಣ ಗುರುತಿಸಲು ನೆರವಾಗುತ್ತದೆ. ಹುಲ್ಲುಹಾಸಿನಲ್ಲಿ ಬೆಳೆದ ದೊಡ್ಡ ಬಿಳಿ ಅಣಬೆಯ ಅಚ್ಚು ಹಸಿರಾಗಿದ್ದರೆ ಅದು ವಿಷಕಾರಿ. ಬಿಳಿ ಅಚ್ಚು ಮಾತ್ರ ಏನನ್ನೂ ಖಚಿತಪಡಿಸದು: ಡೆತ್ ಕ್ಯಾಪ್‌ನದೂ ಬಿಳಿಯೇ, ಎಷ್ಟೋ ತಿನ್ನುವ ಅಣಬೆಗಳದೂ ಬಿಳಿಯೇ. ವಸಂತದಲ್ಲಿ ಜನ ಹುಡುಕುವ ಮೊರೆಲ್ ಎಂಬ ತಿನ್ನುವ ಅಣಬೆಯನ್ನು ಉದ್ದಕ್ಕೆ ಸೀಳಿದಾಗ ತುದಿಯಿಂದ ಬುಡದವರೆಗೆ ಒಂದೇ ಟೊಳ್ಳು ಕಾಣಬೇಕು. ಒಳಗೆ ಗೂಡುಗೂಡಾಗಿಯೋ ಹತ್ತಿಯಂತೆಯೋ ತುಂಬಿಕೊಂಡಿದ್ದರೆ ಬಿಸಾಡಿ. ನಿಜವಾದ ಮೊರೆಲ್ ಅನ್ನೂ ಹಸಿಯಾಗಿ ತಿನ್ನಬಾರದು.

ಬೆಳ್ಳಿ ಚಮಚ ಕಪ್ಪಾಗದಿದ್ದರೆ ಸುರಕ್ಷಿತ, ಹುಳು ತಿಂದದ್ದನ್ನು ನಾವೂ ತಿನ್ನಬಹುದು ಎಂಬ ನಂಬಿಕೆಗಳಿಗೆ ಆಧಾರವೇ ಇಲ್ಲ. ಡೆತ್ ಕ್ಯಾಪ್‌ನ ಅಮಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ಒಣಗಿಸಿದರೂ ಹೋಗದು. ವಾಂತಿ, ಭೇದಿ ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ ಶುರುವಾಗುತ್ತದೆ. ಆಮೇಲೆ ಒಂದೆರಡು ದಿನ ಗುಣವಾದಂತೆ ಅನ್ನಿಸುತ್ತದೆ. ಆ ಹೊತ್ತಿಗೆ ಯಕೃತ್ತು ಹಾಳಾಗುತ್ತಿರುತ್ತದೆ. ಇಲ್ಲೇ ಜನ ಮೋಸಹೋಗುವುದು. ಅನುಮಾನ ಬಂದ ಕೂಡಲೇ, ಉಳಿದ ಅಣಬೆಯನ್ನೂ ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕು.

ಹೂಗಳ ಬಗ್ಗೆ ಒಂದು ಮಾತು. ಎಲೆ ಉದುರುವ ಕಾಡಿನಲ್ಲಿ ನೆಲದ ಹೂಗಿಡಗಳು ಮರಗಳು ಚಿಗುರಿ ನೆರಳಾಗುವ ಮುನ್ನ ಸಿಗುವ ಕೆಲವೇ ವಾರಗಳ ಬಿಸಿಲಲ್ಲಿ ವರ್ಷದ ಆಹಾರ ಕೂಡಿಡಬೇಕು. ಎಲೆ ತುಳಿದರೆ ಮುಂದಿನ ವರ್ಷದ ಹೂವಿಗೂ ಕುತ್ತು. ಕಾಲುದಾರಿ ಬಿಟ್ಟು ಇಳಿಯದಿರುವುದು ಒಳ್ಳೆಯದು.

ಅಣಬೆಯ ಚಿತ್ರ ಪ್ರಕಟಿಸುವಾಗ ಕೊಡೆ, ಅದರ ಅಡಿಭಾಗ, ಬುಡ ಮೂರನ್ನೂ ತೋರಿಸಬೇಕೆಂದು ಕೋರುತ್ತೇವೆ. ಮೂರೂ ಇಲ್ಲದಿದ್ದರೆ ‘ಗುರುತಿಸಲು ಈ ಚಿತ್ರ ಸಾಲದು’ ಎಂದಾದರೂ ಕೆಳಗೆ ಅಚ್ಚು ಹಾಕಿ.

– ಅಣಬೆ ಆಸಕ್ತ ಓದುಗರು