ಯಾರಿಗಾಗಿ ಈ ಅನುವಾದ? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಮೆಸೇಜ್ ಓದಿ ಎರಡು ದಿನ ಸುಮ್ಮನಿದ್ದೆ. ಎರಡು ವರ್ಷ ಕೂತು ಯಹೂದಿ ಕವಿ ನೆಲ್ಲಿ ಸಾಕ್ಸ್ ಅವರ ಕವಿತೆಗಳನ್ನು ಜರ್ಮನ್‌ನಿಂದ ಕನ್ನಡಕ್ಕೆ ತಂದಿದ್ದೀಯ. ಪ್ರಕಾಶಕರೊಬ್ಬರು ನಾಲ್ಕು ಹಾಳೆ ತಿರುವಿ, "ಇದನ್ನೆಲ್ಲ ಯಾರ್ರೀ ಓದ್ತಾರೆ?" ಅಂದರಂತೆ. ಇನ್ನು ಸಾಕು ಅಂತ ಬರೆದಿದ್ದೀಯ. ಇದು ಫೋನಲ್ಲಿ ಆಡಿ ಮುಗಿಸುವ ಮಾತಲ್ಲ, ಅದಕ್ಕೇ ಈ ಪತ್ರ. ನಿನ್ನ ಹಾಗೇ ಬೇಸತ್ತು ಕೂತವರು ಇನ್ನೂ ಇರಬಹುದು ಅನ್ನಿಸಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಹಾಕುತ್ತಿದ್ದೇನೆ.

ಈ ಪ್ರಶ್ನೆ ಹಳೆಯದು. 1961ರಲ್ಲಿ ಜೆರುಸಲೇಮಿನ ಒಂದು ಮನೆಯಲ್ಲಿ ಇದನ್ನು ಕೇಳಿದವರು ದೊಡ್ಡ ವಿದ್ವಾಂಸ ಗೆರ್ಶೋಮ್ ಶೋಲೆಮ್. ಮನೆ ಯಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್ ಅವರದು. ಹೀಬ್ರೂ ಬೈಬಲನ್ನು ಜರ್ಮನ್‌ಗೆ ತರುವ ಅವರ ಕೆಲಸ ಆಗಷ್ಟೇ ಮುಗಿದಿತ್ತು. ಸ್ನೇಹಿತರೆಲ್ಲ ಸಂತೋಷಪಡಲು ಸೇರಿದ್ದರು.

ಆ ಕೆಲಸ ಶುರುವಾದದ್ದು 1925ರಲ್ಲಿ. ಬೂಬರ್ ಜೊತೆಗಿದ್ದವರು ಫ್ರಾಂಕ್‌ಫರ್ಟಿನ ಚಿಂತಕ ಫ್ರಾಂಜ್ ರೋಜೆನ್‌ತ್ಸ್ವೈಗ್. ಅವರಿಗೆ ನರಗಳ ಕಾಯಿಲೆ. ಕೈಯೂ ಹೋಗಿತ್ತು, ಮಾತೂ ಹೋಗಿತ್ತು. ವಿಶೇಷವಾಗಿ ಮಾಡಿಸಿದ ಟೈಪ್‌ರೈಟರಿನಲ್ಲಿ ಒಂದೊಂದೇ ಅಕ್ಷರ ತೋರಿಸುತ್ತಿದ್ದರು. ಹೆಂಡತಿ ಎಡಿತ್ ಅವನ್ನು ಜೋಡಿಸಿ ಮಾತು ಮಾಡುತ್ತಿದ್ದರು. ಹಾಗೆ ನಾಲ್ಕು ವರ್ಷ! ಬೈಬಲಿನ ಯೆಶಾಯನ ಪುಸ್ತಕದವರೆಗೆ ಬರುವಷ್ಟರಲ್ಲಿ, 1929ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡರು. ಉಳಿದದ್ದನ್ನು ಬೂಬರ್ ಒಬ್ಬರೇ ಹೊತ್ತರು.

ಅವರು ಮಾಡಿದ್ದು ಎಂಥ ಕೆಲಸ ಅಂತ ಒಂದೇ ಒಂದು ಪದದಲ್ಲಿ ತೋರಿಸುತ್ತೇನೆ. ದೇವರಿಗೆ ಕೊಡುವ ಬಲಿಗೆ ಹೀಬ್ರೂವಿನಲ್ಲಿ 'ಕೊರ್ಬಾನ್' ಅನ್ನುತ್ತಾರೆ. ಜರ್ಮನ್‌ನಲ್ಲಿ ಅದಕ್ಕೆ ರೂಢಿಯ ಮಾತು 'ಓಪ್ಫರ್'. ಅಲ್ಲಿ ಕಣ್ಣಿಗೆ ಕಾಣುವುದು ಬಲಿ ಮಾತ್ರ. ಆದರೆ ಕೊರ್ಬಾನ್ ಹುಟ್ಟಿದ್ದು 'ಹತ್ತಿರ' ಅನ್ನುವ ಮೂಲದಿಂದ. 'ಕರೋವ್' ಅಂದರೆ ಹತ್ತಿರ. ಹಾಗಾಗಿ ಇವರು ಓಪ್ಫರ್ ಬಿಟ್ಟು 'ದಾರ್‌ನಾಹುಂಗ್' ಅಂತ ಹೊಸ ಪದವನ್ನೇ ಕಟ್ಟಿದರು. ಅದರೊಳಗೆ ಕೂತಿರುವುದು 'ನಾಹೆ', ಜರ್ಮನ್‌ನ 'ಹತ್ತಿರ'. ಕೊಲ್ಲುವುದು ಹಿಂದೆ ಸರಿದು, ಹತ್ತಿರ ತರುವುದು ಮುಂದೆ ಬಂತು. ನಮಗೆ ಇದು ದೂರದ ಮಾತೇನಲ್ಲ ನೋಡು. ಬಕ್ರೀದ್ ಬಂದಾಗ ನಮ್ಮೂರಲ್ಲೂ ಕೇಳುವ 'ಕುರ್ಬಾನಿ' ಇದೇ ಬಳಗದ್ದು. ಹಿಂದಿ ಹಾಡುಗಳ 'ಕರೀಬ್' ಕೂಡ. ಇದು ಗೊತ್ತಾದ ದಿನ ನಾನು ತುಂಬಾ ಹೊತ್ತು ಆ ಪದಗಳನ್ನೇ ಬಾಯಲ್ಲಿ ಆಡಿಸುತ್ತಾ ಕೂತಿದ್ದೆ.

ಇಷ್ಟು ಪ್ರೀತಿಯ ಕೆಲಸ ಮುಗಿದ ದಿನ ಶೋಲೆಮ್ ಕೇಳಿದರು: ಇದು ಯಾರಿಗೆ? ಯಾವ ಯಹೂದಿ ಓದುಗರಿಗಾಗಿ ಶುರು ಮಾಡಿದಿರೋ, ನಾಜಿಗಳ ನರಮೇಧದ ನಂತರ ಅವರು ಈಗಿಲ್ಲ. ಜರ್ಮನ್ನರಿಗೆ ಕೊಡುವ ಕಾಣಿಕೆ ಆಗಬೇಕಿದ್ದದ್ದು ಒಂದು ಸಂಬಂಧದ ಗೋರಿಕಲ್ಲಾಗಿದೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಎದುರಿಗೆ 83 ವರ್ಷದ ಬೂಬರ್. ಆ ಕೋಣೆಯನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಶೋಲೆಮ್ ಸುಳ್ಳು ಹೇಳಲಿಲ್ಲ. ಆದರೆ ಅಲ್ಲಿಗೇ ಎಲ್ಲ ಮುಗಿಯಿತು ಅಂತ ನನಗೆ ಅನ್ನಿಸುವುದಿಲ್ಲ.

ಯಾಕೆ ಅಂದರೆ, ಎಲ್ಸೆ ಲಾಸ್ಕರ್-ಶ್ಯೂಲರ್. 1933ರಲ್ಲಿ ಜರ್ಮನಿ ಬಿಟ್ಟು ಓಡಿಬಂದ ಯಹೂದಿ ಕವಿ. 1939ರಿಂದ ಜೆರುಸಲೇಮಿನಲ್ಲಿದ್ದರು. ಕೈಯಲ್ಲಿ ಕಾಸಿಲ್ಲ, ವಯಸ್ಸಾಗಿತ್ತು. ಅಲ್ಲಿ ಆಗ ಜರ್ಮನ್ ಅಂದರೆ ಕೊಲೆಗಾರರ ಭಾಷೆ. ಅಂಥ ಊರಿನಲ್ಲಿ, 1943ರಲ್ಲಿ, ಆಕೆ ತನ್ನ ಕೊನೆಯ ಕವನ ಸಂಕಲನವನ್ನು ಜರ್ಮನ್‌ನಲ್ಲೇ ಪ್ರಕಟಿಸಿದರು. ಜರ್ಮನಿಯ ಊರುಗಳಲ್ಲಿದ್ದ ತನ್ನ ಗೆಳೆಯ ಗೆಳತಿಯರಿಗೆ, ತನ್ನ ಹಾಗೇ ಹೊರದಬ್ಬಿಸಿಕೊಂಡು ಚೆದುರಿಹೋದವರಿಗೆ ಅಂತ ಅರ್ಪಣೆ. ಯಾರು ಓದ್ತಾರೆ ಅಂತ ಆಕೆಯನ್ನೂ ಕೇಳಬಹುದಿತ್ತು, ಅಲ್ವಾ? 1945ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಆ ಸಂಕಲನ ಬಂದಾಗ ಯೆಹೂದಾ ಅಮಿಖಾಯ್ 19ರ ಹುಡುಗ. ಹುಟ್ಟಿದ್ದು ಜರ್ಮನಿಯ ವ್ಯುರ್ತ್ಸ್‌ಬುರ್ಗಿನಲ್ಲಿ. ಮುಂದೆ ಹೀಬ್ರೂವಿನ ದೊಡ್ಡ ಕವಿಯಾದ. ಎಲ್ಸೆ ಕವಿತೆಗಳನ್ನು ಹೀಬ್ರೂವಿಗೆ ತಂದವರಲ್ಲಿ ಅವನೂ ಒಬ್ಬ. ಆಕೆ ಅರ್ಪಣೆ ಬರೆಯುವಾಗ ಇವನು ಮನಸ್ಸಿನಲ್ಲಿ ಇದ್ದಿರಲಿಕ್ಕಿಲ್ಲ. ಈ ಎರಡು ಭಾಷೆಗಳ ನಡುವೆ ಬದುಕಿದ ಇನ್ನೊಬ್ಬ ಕವಿ ತೂವಿಯಾ ರ್ಯೂಬ್ನರ್. ಅಪ್ಪ, ಅಮ್ಮ, ತಂಗಿಯನ್ನು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ನಲ್ಲಿ ಕಳೆದುಕೊಂಡವರು. ಕಿಬ್ಬುತ್ಸ್‌ನಲ್ಲಿ, ಅಂದರೆ ಎಲ್ಲರೂ ಒಟ್ಟಾಗಿ ದುಡಿದು ಬದುಕುವ ಹಳ್ಳಿಯಲ್ಲಿ, ದುಡಿಯುತ್ತಾ ವರ್ಷಗಟ್ಟಲೆ ಜರ್ಮನ್‌ನಲ್ಲೇ ಕವಿತೆ ಬರೆದರು. ಆಮೇಲೆ ಹೀಬ್ರೂವಿಗೆ ಬಂದರು. ಹೀಬ್ರೂ ಲೇಖಕ ಅಗ್ನೋನ್ ಅವರ ಕಾದಂಬರಿಯನ್ನು ಹೀಬ್ರೂವಿನಿಂದ ಜರ್ಮನ್‌ಗೆ ಕೊಟ್ಟವರೂ ಇವರೇ.

ನಿನ್ನ ನೆಲ್ಲಿ ಸಾಕ್ಸ್ ಕಥೆ ನಿನಗೇ ಚೆನ್ನಾಗಿ ಗೊತ್ತು. 1966ರಲ್ಲಿ ನೊಬೆಲ್ ಬಂದದ್ದು ಇಬ್ಬರಿಗೆ, ಹೀಬ್ರೂವಿನ ಅಗ್ನೋನ್ ಮತ್ತು ಜರ್ಮನ್‌ನ ಸಾಕ್ಸ್. ಡಿಸೆಂಬರ್ 10, ಆಕೆಗೆ 75 ತುಂಬಿದ ದಿನವೇ! ಎರಡು ಭಾಷೆಗಳು ಒಂದೇ ವೇದಿಕೆ ಹತ್ತಿದ ಆ ದಿನವನ್ನು ನಿನ್ನ ಮುನ್ನುಡಿಯಲ್ಲಿ ಖಂಡಿತ ಬರಿ.

ಇನ್ನೊಂದು ಕೇಳಬೇಕು. ಆಕೆಯ ಆ ಹೊಗೆಯ ಕವಿತೆ ಇದೆಯಲ್ಲ, ಸಾವಿನ ಶಿಬಿರಗಳದ್ದು. ಕವಿತೆಯ ತಲೆಯ ಮೇಲೆ ಬೈಬಲಿನ ಯೋಬನ ಮಾತಿದೆ. ಮೂಲದಲ್ಲಿ ಹೀಬ್ರೂ, ಅಲ್ಲಿ ಜರ್ಮನ್ ಆಗಿ ಕೂತಿದೆ. ಈಗ ನಿನ್ನ ಕೈಯಲ್ಲಿ ಕನ್ನಡವಾಗಬೇಕು. ಅದರಲ್ಲಿ ಮತ್ತೆ ಮತ್ತೆ ಬರುವ 'ಶೋರ್ನ್‌ಸ್ಟೈನ್' ಪದಕ್ಕೆ ಏನಿಟ್ಟಿದ್ದೀಯ? 'ಹೊಗೆಕೊಳವೆ' ಅಂದರೆ ಬರೀ ಕಾರ್ಖಾನೆ ಕಾಣುತ್ತದೆ. 'ಚಿಮಣಿ' ಅಂದರೆ ನಮ್ಮ ಕಡೆ ಸೀಮೆಎಣ್ಣೆಯ ಪುಟ್ಟ ದೀಪ, ಅಜ್ಜಿ ಸಂಜೆ ಹಚ್ಚುತ್ತಿದ್ದದ್ದು. ಮನೆಯ ಬೆಳಕಿನ ಪದವೇ ಆ ಹೊಗೆಗೂ ಬಂದರೆ ಓದುವವನ ಎದೆ ಝಲ್ ಅನ್ನಬಹುದು. ಅಥವಾ ದೀಪ ಅಡ್ಡ ಬಂದು ಕವಿತೆ ಕೆಡಬಹುದು. ನನಗೆ ತೀರ್ಮಾನ ಆಗುತ್ತಿಲ್ಲ. ಆ ಹಾಳೆಯ ಫೋಟೋ ತೆಗೆದು ಈ ರಾತ್ರಿಯೇ ಕಳಿಸು.

ನಿನ್ನ ಗೆಳೆಯ