ಕ್ಲೀವ್‌ಲ್ಯಾಂಡ್‌ಗೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕ್ಲೀವ್‌ಲ್ಯಾಂಡ್ ಕಡೆ ಹೋದವರು ಯೂಕ್ಲಿಡ್ ಅವೆನ್ಯೂಗೆ ಈಸ್ಟ್ 9ನೇ ಬೀದಿ ಸೇರುವ ಮೂಲೆಯಲ್ಲಿರುವ ಹಳೇ ಕ್ಲೀವ್‌ಲ್ಯಾಂಡ್ ಟ್ರಸ್ಟ್ ಬ್ಯಾಂಕ್ ಕಟ್ಟಡ ನೋಡದೆ ಬರಬೇಡಿ. 1908ರದ್ದು, ಜಾರ್ಜ್ ಪೋಸ್ಟ್ ಅವರ ವಿನ್ಯಾಸ. ಹೊರಗೆ ಗ್ರೀಕ್ ಗುಡಿಯಂಥ ಕಲ್ಲಿನ ಕಂಬಗಳು. ಒಳಗೆ ಕಾಲಿಟ್ಟರೆ ತಲೆಯ ಮೇಲೆ ಬಣ್ಣದ ಗಾಜಿನ ದೊಡ್ಡ ಗುಮ್ಮಟ, ಅದರ ಕೆಳಗೆ ಸುತ್ತಲೂ ಭಿತ್ತಿಚಿತ್ರಗಳು. ಅವನ್ನು ಬರೆದ ಫ್ರಾನ್ಸಿಸ್ ಮಿಲೆಟ್ 1912ರಲ್ಲಿ ಟೈಟಾನಿಕ್ ಮುಳುಗಿದಾಗ ತೀರಿಕೊಂಡರು. ವರ್ಷಗಟ್ಟಲೆ ಬೀಗ ಬಿದ್ದಿದ್ದ ಈ ಕಟ್ಟಡದಲ್ಲಿ 2015ರಲ್ಲಿ ಹೈನೆನ್ಸ್ ದಿನಸಿ ಅಂಗಡಿ ಶುರುವಾಯಿತು, ಹಾಗಾಗಿ ಟಿಕೆಟ್ ಬೇಡ, ಸುಮ್ನೆ ಒಳಗೆ ಹೋಗಬಹುದು. ಕೆಡವದೆ ಹೀಗೆ ಉಳಿಸಿಕೊಂಡಿದ್ದು ಎಷ್ಟು ಒಳ್ಳೇದಾಯ್ತು ಅಲ್ವಾ! ಮೇಲಿನ ಬಾಲ್ಕನಿಗೂ ಹತ್ತಿ, ಚಿತ್ರಗಳು ಹತ್ತಿರದಿಂದ ಕಾಣುತ್ತವೆ. ಫೋಟೋ ತೆಗೆದರೆ ಇಲ್ಲಿ ಹಾಕಿ.